'ವಿತ್' ಎಂಬ ಒಂದು ಸಾಲಿನ ಬಗ್ಗೆ

"15ನೇ ತಿಂಗಳು ಯಾವುದು ಸರ್?" ಎಂದು ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ಫೋನಿನಲ್ಲಿ ಕೇಳಿದರು. ಅವರ ಕೈಯಲ್ಲಿದ್ದ ಬಿಲ್ಲಿನಲ್ಲಿ ಪಾವತಿಗೆ ಕೊನೆಯ ದಿನ 04/15 ಎಂದು ಅಚ್ಚಾಗಿತ್ತು. ಏಪ್ರಿಲ್ 15 ತಿರುಗುಮುರುಗಾಗಿತ್ತು. ಅದಕ್ಕೂ ಮೊದಲು ಹೋದ ಬಿಲ್ಲುಗಳಲ್ಲಿ ಏಪ್ರಿಲ್ 5 ಎಂಬುದು 04/05 ಆಗಿ, ಓದಿದವರ ಕಣ್ಣಿಗೆ ಮೇ 4 ಆಗಿ ಕಂಡಿತ್ತು. ಯಾರಿಗೂ ಅನುಮಾನ ಬಂದಿರಲಿಲ್ಲ.

ಬಿಲ್ಲು ಅಚ್ಚು ಹಾಕುವ ಪ್ರೋಗ್ರಾಂ ಪರ್ಲ್ ಭಾಷೆಯದು, ಆ ಭಾಷೆಯಲ್ಲಿ ಕ್ಲಾಸ್‌ಗಳನ್ನು ಕಟ್ಟಲು ನೆರವಾಗುವ ಮೂಸ್ ಎಂಬ ಸಲಕರಣೆ ಬಳಸಿ ಬರೆದದ್ದು. ಮೂಸ್‌ನಲ್ಲಿ ರೋಲ್ ಎಂದರೆ ಇನ್‌ಹೆರಿಟೆನ್ಸ್‌ನ (ಒಂದು ಕ್ಲಾಸ್ ಇನ್ನೊಂದರಿಂದ ಬಳುವಳಿ ಪಡೆಯುವುದರ) ಹಂಗಿಲ್ಲದೆ ಯಾವ ಕ್ಲಾಸಿಗೆ ಬೇಕಾದರೂ ಸೇರಿಸಬಹುದಾದ ಮೆಥಡ್‌ಗಳ, ಅಂದರೆ ಹೆಸರಿಟ್ಟು ಕರೆಯಬಹುದಾದ ಕೋಡ್ ತುಣುಕುಗಳ, ಕಟ್ಟು. ಸೇರಿಸುವ ಪದ 'ವಿತ್'. ನಮ್ಮ ಬಿಲ್ ಕ್ಲಾಸಿನಲ್ಲಿ ಎರಡು 'ವಿತ್' ಸಾಲುಗಳಿದ್ದವು: ಮೊದಲು 'ಪ್ರಿಂಟೆಬಲ್', ಅದರ ಕೆಳಗೆ 'ಆಡಿಟೆಬಲ್'. ಎರಡರಲ್ಲೂ 'ಫಾರ್ಮ್ಯಾಟ್_ಡೇಟ್' ಎಂಬ ಮೆಥಡ್ ಇತ್ತು. 'ಪ್ರಿಂಟೆಬಲ್'ನದು ದಿನವನ್ನು ಮೊದಲು ಬರೆಯುತ್ತಿತ್ತು, 'ಆಡಿಟೆಬಲ್'ನದು ತಿಂಗಳನ್ನು. ಕೋಡ್ ಅಚ್ಚುಕಟ್ಟಾಗಿರಲಿ ಎಂದು ಯಾರೋ ಆ ಎರಡು ಸಾಲುಗಳನ್ನು ಅಕಾರಾದಿಯಲ್ಲಿ ಜೋಡಿಸಿದರು. ಅಷ್ಟೇ ಆದದ್ದು.

ಎರಡು ಸಾಲಿನಲ್ಲಿ ಬರೆದರೆ ಮೊದಲ ರೋಲಿನ ಮೆಥಡ್ ಕ್ಲಾಸಿನದೇ ಆಗಿಬಿಡುತ್ತದೆ. ಕ್ಲಾಸಿನಲ್ಲಿ ಆಗಲೇ ಇರುವ ಮೆಥಡ್‌ಗೆ ರೋಲ್ ಕೈ ಹಚ್ಚುವುದಿಲ್ಲ ಎಂಬುದು ನಿಯಮ. ಹಾಗಾಗಿ ಎರಡನೆಯದು ಸದ್ದಿಲ್ಲದೆ ಹಿಂದೆ ಸರಿಯುತ್ತದೆ. ಅದೇ ಎರಡು ರೋಲ್‌ಗಳನ್ನು ಒಂದೇ 'ವಿತ್'ನಲ್ಲಿ ಅಲ್ಪವಿರಾಮ ಹಾಕಿ ಬರೆದಿದ್ದರೆ, ಇಂಥ ಎರಡು ರೋಲ್‌ಗಳ ನಡುವೆ ಇಂಥ ಹೆಸರಿಗೆ ಸಂಘರ್ಷವಿದೆ, ನೀವೇ ತೀರ್ಮಾನಿಸಿ ಎಂದು ಹೇಳಿ ಮೂಸ್ ಪ್ರೋಗ್ರಾಮನ್ನು ನಿಲ್ಲಿಸುತ್ತಿತ್ತು.

ನನ್ನ ವಾದ ಇರುವುದು ಇಲ್ಲೇ. 2003ರಲ್ಲಿ ಶೆರ್ಲಿ, ಡುಕಾಸ್, ನೀರ್‌ಸ್ಟ್ರಾಜ್, ಬ್ಲ್ಯಾಕ್ ಎಂಬ ನಾಲ್ವರು ಸ್ಮಾಲ್‌ಟಾಕ್ ಭಾಷೆಯಲ್ಲಿ ಟ್ರೇಟ್‌ಗಳನ್ನು, ಅಂದರೆ ಇಂದಿನ ರೋಲ್‌ಗಳ ಮೂಲ ಕಲ್ಪನೆಯನ್ನು, ಮಂಡಿಸಿದಾಗ ಅದರ ಜೀವಾಳವೇ ಇದಾಗಿತ್ತು: ಡಿಕ್ಕಿಯಾದರೆ ಭಾಷೆ ತಾನೇ ಒಬ್ಬರನ್ನು ಗೆಲ್ಲಿಸಬಾರದು, ಬರೆಯುವವರನ್ನು ಕೇಳಬೇಕು. ಆ ವಿಚಾರ ಪರ್ಲ್ 6ರ ವಿನ್ಯಾಸದ ಮೂಲಕ 2006ರಲ್ಲಿ ಸ್ಟೀವನ್ ಲಿಟಲ್ ಅವರ ಮೂಸ್‌ಗೆ ಬಂತು. ಅಷ್ಟು ಶ್ರಮಪಟ್ಟು ಕಟ್ಟಿದ ರಕ್ಷಣೆಯನ್ನು ನಾವು ಒಂದು ಅರ್ಧವಿರಾಮ ಹಾಕಿ, ಹೊಸ ಸಾಲು ಹಿಡಿದು ಕಳೆದುಕೊಳ್ಳುತ್ತೇವೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಮೆಥಡ್ ಎಲ್ಲಿಂದ ಬಂತೆಂದು ತಿಳಿಯಲು ಕ್ಲಾಸಿನ ಮೆಟಾ ವಸ್ತುವನ್ನೇ (ಆ ಕ್ಲಾಸಿನ ವಿವರಗಳನ್ನು ಇಟ್ಟುಕೊಂಡಿರುವ ವಸ್ತು) ಕೇಳಬಹುದು. 'ಗೆಟ್_ಮೆಥಡ್' ಎಂದು ಕೇಳಿ, ಸಿಕ್ಕಿದ್ದರ 'ಒರಿಜಿನಲ್_ಪ್ಯಾಕೇಜ್_ನೇಮ್' ನೋಡಿದರೆ ಹುಟ್ಟೂರು ಗೊತ್ತಾಗುತ್ತದೆ. ನಮಗೆ 'ಆಡಿಟೆಬಲ್' ಎಂದು ಬಂತು. ಸರಿ, ಒಂದೇ ಸಾಲು ಮಾಡಿ, ಆಡಿಟ್ ರೋಲಿನ ಆ ಮೆಥಡನ್ನು 'ಎಕ್ಸ್‌ಕ್ಲೂಡ್ಸ್' ಹಾಕಿ ಬಿಟ್ಟುಬಿಡೋಣ ಎಂದು ಗೆಳೆಯರು ಹೇಳಿದರು. ನಾನು ಒಪ್ಪಲಿಲ್ಲ. ಆಡಿಟ್ ರೋಲ್ ತನ್ನ ದಾಖಲೆ ಬರೆಯುವಾಗ ಇದೇ ಮೆಥಡನ್ನು ಕರೆಯುತ್ತದಲ್ಲವೇ? ಅದಕ್ಕೆ ಸಿಗುವುದು ಬಿಲ್ಲಿನ ದಿನಾಂಕದ ರೂಪ. ಆಗ ಹೊಳೆಯಿತು: ಸಾಲುಗಳನ್ನು ಜೋಡಿಸುವ ಮೊದಲೂ ಹೀಗೇ ಇತ್ತು. ಅಂದರೆ ಬಿಲ್ಲುಗಳು ಸರಿಯಿದ್ದ ಅಷ್ಟೂ ಕಾಲ ಆಡಿಟ್ ದಾಖಲೆಗಳಲ್ಲಿ ದಿನ-ತಿಂಗಳು ಅದಲುಬದಲಾಗಿದ್ದವು. ಹಳೆಯ ಕಡತ ತೆರೆದು ನೋಡಿದೆವು, ಹಾಗೆಯೇ ಇತ್ತು. ಕೊನೆಗೆ ಎರಡೂ ರೋಲ್‌ಗಳೊಳಗೆ ಮೆಥಡ್‌ಗಳಿಗೆ ಬೇರೆ ಬೇರೆ ಹೆಸರಿಟ್ಟೆವು.

ಹೊಸಬರನ್ನು ಕಾಡುವ ಇನ್ನೊಂದು ತೊಡಕನ್ನೂ ಹೇಳಿಬಿಡುತ್ತೇನೆ. ಕ್ಲಾಸಿನಲ್ಲಿ ಇರಲೇಬೇಕೆಂದು ರೋಲ್ 'ರಿಕ್ವೈರ್ಸ್' ಹಾಕಿ ಕೇಳಿದ ಮೆಥಡ್ ಕಣ್ಣೆದುರೇ ಇದ್ದರೂ ಇಲ್ಲ ಎಂಬ ದೋಷ ಬರುತ್ತದೆ. 'ಸಬ್' ಎಂದು ಬರೆದ ಮೆಥಡ್ ಕಂಪೈಲ್ ಹಂತದಲ್ಲೇ, ಪ್ರೋಗ್ರಾಂ ಓಡುವ ಮುಂಚೆಯೇ, ಸಿದ್ಧವಾಗಿರುತ್ತದೆ. ಕ್ಲಾಸಿನ ಗುಣವೊಂದನ್ನೂ ಅದನ್ನು ಓದುವ ಮೆಥಡನ್ನೂ ಹುಟ್ಟಿಸುವ 'ಹ್ಯಾಸ್' ಮತ್ತು 'ವಿತ್' ಹಾಗಲ್ಲ, ಪ್ರೋಗ್ರಾಂ ಓಡುವಾಗ ಸಾಲುಸಾಲಾಗಿ ನಡೆಯುತ್ತವೆ. 'ಹ್ಯಾಸ್' ಕೆಳಗಿದ್ದರೆ 'ವಿತ್' ತಲುಪಿದಾಗ ಆ ಮೆಥಡ್ ಇನ್ನೂ ಹುಟ್ಟಿರುವುದಿಲ್ಲ. 'ವಿತ್' ಅನ್ನು ಕೆಳಗಿಳಿಸಿ. ಬಾಯಿ ಮುಚ್ಚಿಸಲು ಖಾಲಿ 'ಸಬ್' ಬರೆಯುವವರನ್ನು ಕಂಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ.

ನಮ್ಮಲ್ಲಿ ಎರಡೆರಡು 'ವಿತ್' ಇರುವ ಕ್ಲಾಸ್‌ಗಳು ಇನ್ನೂ ಉಳಿದಿವೆ. ಪ್ರತಿ ಶುಕ್ರವಾರ ಒಂದನ್ನು ತೆರೆದು ಒಂದೇ ಸಾಲಿಗೆ ತರುತ್ತಿದ್ದೇನೆ. ಕಳೆದ ವಾರ ಮತ್ತೊಂದು ಸಂಘರ್ಷ ಸಿಕ್ಕಿತು, ಈ ಬಾರಿ 'ಟು_ಸ್ಟ್ರಿಂಗ್' ಎಂಬ ಹೆಸರಿಗೆ.