ಹೀರೋಗಿಂತ ಹೀರೋನ ಗೆಳೆಯ

ತಮಿಳಿನ ನಗಿಸುವ ಪ್ರೇಮಕಥೆಗಳಲ್ಲಿ ನಿಜವಾದ ಜೋಡಿ ಯಾವುದು ಅಂತ ನನಗೆ ಯಾವಾಗಲೂ ಅನುಮಾನ. ಪೋಸ್ಟರಿನಲ್ಲಿ ಹೀರೋ, ಹೀರೋಯಿನ್ ಇರುತ್ತಾರೆ. ಆದರೆ ಹೀರೋ ಮುನಿಸಿಕೊಳ್ಳುವುದು, ರಾಜಿಯಾಗುವುದು, ರಾತ್ರಿ ಮನಸ್ಸು ಬಿಚ್ಚಿ ಅಳುವುದು ಎಲ್ಲಾ ಗೆಳೆಯನ ಹತ್ತಿರ. ಹುಡುಗಿ ಮಧ್ಯೆ ಮಧ್ಯೆ ಬಂದು ಹಾಡು ಮುಗಿಸಿಕೊಂಡು ಹೋಗುತ್ತಾಳೆ.

ನಿರ್ದೇಶಕ ಎಂ. ರಾಜೇಶ್ ಈ ಅನುಮಾನವನ್ನೇ ಕಥೆ ಮಾಡಿಬಿಟ್ಟರು. 2015ರಲ್ಲಿ ಬಂದ ‘ವಾಸುವುಂ ಸರವಣನುಂ ಒಣ್ಣಾ ಪಡಿಚ್ಚವಂಗ’. ಅಂದರೆ ಇಬ್ಬರೂ ಒಟ್ಟಿಗೆ ಓದಿದವರು. (ಇಂಗ್ಲಿಷಿನಲ್ಲಿ ಬರೆದು ಮೊದಲಕ್ಷರ ಜೋಡಿಸಿದರೆ ವಿ.ಎಸ್.ಓ.ಪಿ. ಅಂತ ಬ್ರಾಂದಿ ಬಾಟಲಿಯ ಲೇಬಲ್ ಆಗುತ್ತದೆ. ಸಿನಿಮಾದಲ್ಲಿ ಕುಡಿತವೂ ಜಾಸ್ತಿಯೇ.) ವಾಸು ಅಂದರೆ ಹಾಸ್ಯನಟ ಸಂತಾನಂ, ಸರವಣನ್ ಅಂದರೆ ಹೀರೋ ಆರ್ಯ. ವಾಸುವಿಗೆ ಮದುವೆಯಾಗುತ್ತದೆ. ಹೆಂಡತಿಯದು ಒಂದೇ ಪಟ್ಟು: ಆ ಗೆಳೆಯನ ಸಹವಾಸ ಬಿಡು. ಸರವಣನ್ ಇಷ್ಟಪಡುವ ತಮನ್ನಾಳದೂ ಅದೇ ಷರತ್ತು. ಅವಳು ವಾಸುವಿನ ಹೆಂಡತಿಯ ಗೆಳತಿ ಬೇರೆ!

ಕೇಳೋಕೆ ಮಜವಾಗಿದೆ, ಅಲ್ವಾ? ಆದರೆ ನೋಡಿದ ಬಹಳ ಜನ ಸಪ್ಪೆ ಮುಖ ಮಾಡಿದರು. ಇದನ್ನೆಲ್ಲ ಮೊದಲೇ ನೋಡಿದ್ದೇವಲ್ಲ ಎಂಬ ಗೊಣಗಾಟ.

ಅವರು ಮೊದಲೇ ನೋಡಿದ್ದು 2010ರ ‘ಬಾಸ್ ಎಂಗಿರ ಭಾಸ್ಕರನ್’. ಅದೇ ನಿರ್ದೇಶಕ, ಅದೇ ಆರ್ಯ, ಅದೇ ಸಂತಾನಂ. ಭಾಸ್ಕರನ್ ಡಿಗ್ರಿ ಮುಗಿಸದೆ ಮನೆಯಲ್ಲಿ ಬಿದ್ದುಕೊಂಡ ದಂಡಪಿಂಡ. ಗೆಳೆಯ ನಲ್ಲತಂಬಿ ಸಲೂನ್ ಇಟ್ಟುಕೊಂಡು ತನ್ನ ಪಾಡಿಗೆ ಬದುಕುವವನು. ಭಾಸ್ಕರನ್ ಹಲ್ಲು ಕಿರಿದು ‘ನಣ್ಬೇಂಡಾ’, ಅಂದರೆ ಗೆಳೆಯ ಕಣೋ, ಅಂದನೋ, ನಲ್ಲತಂಬಿಗೆ ಏನೋ ಖರ್ಚು ಕಾದಿದೆ ಅಂತಲೇ ಲೆಕ್ಕ. ಆ ಮಾತು ತಮಿಳುನಾಡಿನಲ್ಲಿ ಎಷ್ಟು ಓಡಾಡಿತೆಂದರೆ, 2015ರಲ್ಲಿ ಅದನ್ನೇ ಹೆಸರಾಗಿಟ್ಟು ಉದಯನಿಧಿ ಸ್ಟಾಲಿನ್ ಒಂದು ಸಿನಿಮಾ ಮಾಡಿದರು. ಅದರಲ್ಲೂ ಗೆಳೆಯ ಸಂತಾನಂ!

ನನಗನ್ನಿಸುವುದು ಇಷ್ಟು. ಭಾಸ್ಕರನ್ ಕಥೆಯಲ್ಲಿ ಸ್ನೇಹವನ್ನು ಯಾರೂ ಹೊಗಳುವುದಿಲ್ಲ. ನಲ್ಲತಂಬಿ ಬಾಯಿ ತುಂಬಾ ಬೈಯುತ್ತಾನೆ, ಬೈಯುತ್ತಲೇ ಹಿಂದೆ ಹೋಗುತ್ತಾನೆ. ವಾಸು ಕಥೆಯಲ್ಲಿ ಸ್ನೇಹವೇ ಕೇಸು, ಇಬ್ಬರೂ ಅದರ ವಕೀಲರು. ಅಷ್ಟೊಂದು ವಾದ ಮಾಡಿದರೆ ನಗು ಎಲ್ಲಿಂದ ಬರಬೇಕು?

ನಾವೇನೂ ಕಡಿಮೆಯಿಲ್ಲ ಬಿಡಿ. ‘ದಿಗ್ಗಜರು’ ಬಂದ ಮೇಲೆ ವಿಷ್ಣು, ಅಂಬಿ ಹಾಡಿದ ‘ಕುಚಿಕು’ ಇಲ್ಲದೆ ಗೆಳೆಯನ ಮದುವೆ ಆರ್ಕೆಸ್ಟ್ರಾ ಮುಗಿಯುವುದಿಲ್ಲ. ಆ ಸಿನಿಮಾದ ಮೂಲವೂ ತಮಿಳು ಸಿನಿಮಾನೇ. ಆದರೆ ಅದು ಅಳಿಸುವ ಸ್ನೇಹ, ಅದರ ಲೆಕ್ಕ ಬೇರೆ.

ಗೆಳೆಯನ ಪಾತ್ರದವರಿಗೂ ಆಮೇಲೆ ಬಡ್ತಿ ಸಿಕ್ಕಿತು. ತೆಲುಗಿನ ‘ಮರ್ಯಾದ ರಾಮಣ್ಣ’ ಕನ್ನಡಕ್ಕೆ ಬಂದಾಗ ಕೋಮಲ್ ಹೀರೋ, 2014ರಲ್ಲಿ ತಮಿಳಿಗೆ ಹೋದಾಗ ಸಂತಾನಂ ಹೀರೋ. ಸಂತೋಷವೇ. ಆದರೆ ಹೀರೋ ಆದವನು ಪ್ರೀತಿಸಬೇಕು, ಕುಣಿಯಬೇಕು, ನಾಲ್ಕು ಜನರನ್ನು ಹೊಡೆಯಬೇಕು. ಪಕ್ಕದಲ್ಲಿ ನಿಂತು ಹೀರೋನ ಮಾನ ಕಳೆಯುವ ಕೆಲಸವನ್ನು ಸಂತಾನಂ ಬಿಟ್ಟಿದ್ದು ನನಗಂತೂ ನಷ್ಟವೇ.