ಸೋಪಿನ ವಾಸನೆ ಅಂತ ಬೈಯುವ ಮುಂಚೆ

ಪೈಪ್ ಸೇದುವವರ ನಡುವೆ ಒಂದು ಜಗಳ ಎಂದಿಗೂ ಮುಗಿಯುವುದಿಲ್ಲ. ಇಂಗ್ಲೆಂಡಿನ ಕೆಂಡಲ್ ಎಂಬ ಊರಿನ, ಹೂವಿನ ಪರಿಮಳ ಹಾಕಿದ ತಂಬಾಕಿನ ಡಬ್ಬಿಯನ್ನು ಯಾರಾದರೂ ತೆರೆದರೆ ಸಾಕು. ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡು "ಥೂ, ಸೋಪು" ಅನ್ನುತ್ತಾರೆ. ಅದರ ಪಕ್ಕದವರು ಇನ್ನೊಂದು ಸಲ ಮೂಸಿ "ಆಹಾ" ಅನ್ನುತ್ತಾರೆ. ಪರವಾಗಿಲ್ಲ ಅನ್ನುವವರು ಮಾತ್ರ ಇಲ್ಲವೇ ಇಲ್ಲ. ನಾನು ಆಹಾ ಪಕ್ಷ. ಮೊನ್ನೆ ಇದೇ ವಿಷಯಕ್ಕೆ ಒಬ್ಬ ಗೆಳೆಯನ ಜೊತೆ ವಾದ ಬೆಳೆಯಿತು. "ಅಜ್ಜಿ ಬೀರುವಿನ ವಾಸನೆ ಬರೋ ತಂಬಾಕನ್ನ ಯಾವ ಗಂಡಸು ಸೇದ್ತಾನೆ?" ಅಂದ ಅವನು. ಉತ್ತರ ಅಲ್ಲೇ ಕೊಟ್ಟೆ. ಆದರೆ ಅರ್ಧಂಬರ್ಧ. ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ.

ಕೆಂಡಲ್ ಇರುವುದು ಇಂಗ್ಲೆಂಡಿನ ಉತ್ತರದ ಕಂಬ್ರಿಯಾದಲ್ಲಿ. ಸರೋವರಗಳ ನಾಡಿಗೆ ಹೋಗುವವರು ಇದೇ ಊರಿನ ಮೂಲಕ ಹಾದುಹೋಗುತ್ತಾರೆ. ವರ್ಡ್ಸ್‌ವರ್ತ್ ವಾಸವಾಗಿದ್ದ ಗ್ರಾಸ್ಮಿಯರ್ ಅಲ್ಲಿಂದ ಇನ್ನಷ್ಟು ಮೇಲಕ್ಕಿದೆ. ನಾನು ಕೆಲಸದ ಮೇಲೆ ಬಂದು ನೆಲೆಸಿದ ಲ್ಯಾಂಕಾಸ್ಟರ್‌ನಿಂದ ಕಾರಿನಲ್ಲಿ ಅರ್ಧ-ಮುಕ್ಕಾಲು ಗಂಟೆ ದಾರಿ. ಬೆಟ್ಟ ಹತ್ತುವವರಿಗೆ ಕೆಂಡಲ್ ಅಂದರೆ ಮಿಂಟ್ ಕೇಕ್. ಬರೀ ಸಕ್ಕರೆ ಮತ್ತು ಪುದೀನ ಎಣ್ಣೆಯ ಆ ಬಿಳಿ ಗಟ್ಟಿ 1953ರಲ್ಲಿ ಎವರೆಸ್ಟ್ ತುದಿಯವರೆಗೂ ಹೋಗಿತ್ತು. ಆದರೆ ಊರಿನ ಹಳೆಯ ಕಸುಬು ನಶ್ಯ. 1792ರಲ್ಲಿ ಥಾಮಸ್ ಹ್ಯಾರಿಸನ್ ಎಂಬಾತ ಸ್ಕಾಟ್ಲೆಂಡಿನಲ್ಲಿ ನಶ್ಯದ ವಿದ್ಯೆ ಕಲಿತು, ಅಲ್ಲಿಂದಲೇ ಹಳೆಯ ಯಂತ್ರಗಳನ್ನೂ ತರಿಸಿ ಕೆಂಡಲ್‌ನಲ್ಲಿ ಶುರು ಮಾಡಿದ. ಮುಂದೆ ಮದುವೆಯ ಸಂಬಂಧದಿಂದ ಆ ಕಸುಬು ಗಾವಿತ್ ಮನೆತನಕ್ಕೆ ಬಂತು. ಆಮೇಲೆ ಅದೂ ಒಡೆದು ಒಂದೇ ಊರಿನಲ್ಲಿ ಎರಡು ಕಂಪನಿ ಆದವು: ಸ್ಯಾಮ್ಯುಯೆಲ್ ಗಾವಿತ್ ಮತ್ತು ಗಾವಿತ್ ಹಾಗರ್ತ್. ನೂರಕ್ಕೂ ಜಾಸ್ತಿ ವರ್ಷ ಅಕ್ಕಪಕ್ಕದಲ್ಲೇ ಪೈಪೋಟಿ ನಡೆಸಿ, 2015ರಲ್ಲಿ ಮತ್ತೆ ಒಂದಾದವು.

ನಶ್ಯ ಮೊದಲು, ಪೈಪ್ ತಂಬಾಕು ಆಮೇಲೆ. ಇದನ್ನು ನೆನಪಿಟ್ಟುಕೊಳ್ಳಿ. ನಶ್ಯಕ್ಕೆ ಗುಲಾಬಿ, ಮಲ್ಲಿಗೆ, ಲ್ಯಾವೆಂಡರ್ ಎಣ್ಣೆ ಹಾಕುವುದು ಯುರೋಪಿನಲ್ಲಿ ಮಾಮೂಲು. ಮೂಗಿಗೆ ಏರಿಸುವ ಪುಡಿ ಅಲ್ವಾ, ಪರಿಮಳ ಇಲ್ಲದಿದ್ದರೆ ಹೇಗೆ? ಅದೇ ಕಾರ್ಖಾನೆಯಲ್ಲಿ, ಅದೇ ಕೈಗಳು ಪೈಪಿಗೆ ತಂಬಾಕು ಒತ್ತಲು ಶುರು ಮಾಡಿದಾಗ ಎಣ್ಣೆಯ ಬಾಟಲಿಗಳು ಹೇಗೂ ಕೈಗೆಟುಕುವಂತೆ ಇದ್ದವು. ಹಾಗಾಗಿ ಸೋಪು ತಂಬಾಕಿನೊಳಗೆ ಬಂದು ಸೇರಿತು ಅನ್ನುವ ಮಾತೇ ನನಗೆ ವಿಚಿತ್ರ. ಜೆರೇನಿಯಂ, ಗುಲಾಬಿ, ಲ್ಯಾವೆಂಡರ್ ಎಣ್ಣೆಗಳನ್ನು ಸೋಪಿನವನೂ ಕೊಂಡ, ತಂಬಾಕಿನವನೂ ಕೊಂಡ. ನಾವು ಇವತ್ತು ಆ ಪರಿಮಳವನ್ನು ಬಚ್ಚಲುಮನೆಯಲ್ಲಿ ಮಾತ್ರ ಕಂಡಿದ್ದೇವೆ, ಅಷ್ಟೇ. (ಅಷ್ಟಕ್ಕೂ ಮೈಸೂರ್ ಸ್ಯಾಂಡಲ್ ಸೋಪನ್ನು ಸೀರೆಗಳ ನಡುವೆ ಇಡುವ ಮನೆಗಳಿಂದ ಬಂದ ನಮಗೆ ಸೋಪಿನ ವಾಸನೆ ಅನ್ನುವುದು ಬೈಗುಳ ಆಗಿದ್ದು ಯಾವಾಗ?)

ಇನ್ನು ಎಲೆಯ ವಿಷಯ. ನಾನು ಪಿರಿಯಾಪಟ್ಟಣದ ಕಡೆಯವನು, ತಂಬಾಕು ಬೆಳೆಯುವ ಮನೆಯವನು. ಹಾಗಾಗಿ ಇದರಲ್ಲಿ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಸಹಿಸಿಕೊಳ್ಳಿ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಬೆಳೆಯುವುದು ವರ್ಜೀನಿಯಾ ತಂಬಾಕು. ಎಲೆ ಮುರಿದು, ಕಡ್ಡಿಗೆ ಕಟ್ಟಿ, ಎಲೆ ಹದ ಮಾಡುವ ಮನೆ, ಅಂದರೆ ಬ್ಯಾರನ್ನಿನೊಳಗೆ ಸಾಲುಸಾಲಾಗಿ ನೇತುಹಾಕುತ್ತಾರೆ. ಹೊರಗಿನ ಒಲೆಯಲ್ಲಿ ಸೌದೆ ಉರಿಯುತ್ತದೆ. ಬಿಸಿ ಮಾತ್ರ ತಗಡಿನ ಕೊಳವೆಯಲ್ಲಿ ಒಳಗೆ ಸುತ್ತುತ್ತದೆ. ಹೊಗೆ ಎಲೆಗೆ ತಾಗುವ ಹಾಗಿಲ್ಲ. ಕೊಳವೆ ಎಲ್ಲಾದರೂ ತೂತಾಗಿ ಹೊಗೆ ಒಳಗೆ ನುಗ್ಗಿದರೆ ಮಾಲು ಕೆಟ್ಟಿತು ಅಂತಲೇ ಲೆಕ್ಕ. ಎಲೆ ಹಳದಿಯಾಗಿ, ಚಿನ್ನದ ಬಣ್ಣಕ್ಕೆ ಬರಬೇಕು. ಬಣ್ಣ ಬಂದರೆ ಹರಾಜು ಕಟ್ಟೆಯಲ್ಲಿ ರೇಟು. ಎಲೆಯೊಳಗೆ ಸಕ್ಕರೆ ಅಂಶ ಉಳಿಯುತ್ತದೆ, ಹೊಗೆ ಸ್ವಲ್ಪ ಹುಳಿ ಸ್ವಭಾವದ್ದು. ಬಹುಪಾಲು ಹೋಗುವುದು ಸಿಗರೇಟಿಗೆ.

ಕೆಂಡಲ್‌ನ ಗಟ್ಟಿ ತಂಬಾಕುಗಳಿಗೆ ಬೇಕಾದ ಎಲೆ ಇದರ ಉಲ್ಟಾ. ಮಲಾವಿ ಮುಂತಾದ ಆಫ್ರಿಕಾದ ದೇಶಗಳಿಂದ ಬರುವ ಕಪ್ಪು ಎಲೆ. ಅಲ್ಲಿ ಎಲೆಯ ಕೆಳಗೇ ಬೆಂಕಿ ಹಾಕುತ್ತಾರೆ, ಹೊಗೆ ನೇರವಾಗಿ ಎಲೆಗೆ ಹತ್ತಬೇಕು. ನಮ್ಮಲ್ಲಿ ಯಾವುದು ನಷ್ಟವೋ ಅಲ್ಲಿ ಅದೇ ಕಸುಬು! ಆ ಎಲೆಯಲ್ಲಿ ಸಕ್ಕರೆ ಕಡಿಮೆ, ನಿಕೋಟಿನ್ ಜಾಸ್ತಿ. ಹೊಗೆ ಕ್ಷಾರದ ಸ್ವಭಾವದ್ದು. ಅಂಥ ಹೊಗೆಯಿಂದ ನಿಕೋಟಿನ್ ಬಾಯಿಯ ಒಳಚರ್ಮದಲ್ಲೇ ರಕ್ತಕ್ಕೆ ಇಳಿಯುತ್ತದೆ. ಎದೆಗೆ ಎಳೆದುಕೊಳ್ಳಲೇಬೇಕಿಲ್ಲ. ಸಿಗರೇಟು ಸೇದುವವರು ಹೊಗೆಯನ್ನು ಒಳಗೆಳೆಯುವುದಕ್ಕೂ ಪೈಪಿನವರು ಬಾಯಲ್ಲೇ ಆಡಿಸಿ ಬಿಡುವುದಕ್ಕೂ ಹಿಂದೆ ಇರುವ ಕಾರಣಗಳಲ್ಲಿ ಇದು ಮುಖ್ಯ.

ಹೀಗೆ ಹದವಾದ ಎಲೆಯನ್ನು ಹಬೆಯಲ್ಲಿ ಮೆತ್ತಗೆ ಮಾಡಿ, ಬಿಸಿ ಕೊಟ್ಟು ಒತ್ತಿ, ಇಟ್ಟಿಗೆಯಂಥ ಗಟ್ಟಿ ಮಾಡುತ್ತಾರೆ. ಆಮೇಲೆ ತೆಳ್ಳಗೆ ಹೋಳು ಮಾಡುತ್ತಾರೆ. ಅದೇ ಫ್ಲೇಕ್. ಇನ್ನೊಂದು ರೀತಿ, ಎಲೆಯನ್ನು ಹಗ್ಗದ ಹಾಗೆ ಹೊಸೆಯುವುದು. ಕರಿ ಹಗ್ಗದ ತಂಬಾಕು ಒಂದು ತುಂಡು ಕೈಯಲ್ಲಿ ಹಿಡಿದರೆ ಎಣ್ಣೆ ಜಿಗಿ ಬೆರಳಿಗೆ ಅಂಟುತ್ತದೆ. ಸಾಯಂಕಾಲದವರೆಗೂ ಹೋಗುವುದಿಲ್ಲ.

ಡಬ್ಬಿ ತೆರೆದಾಗ ಕಾಣುವುದು ಇಷ್ಟು: ಉದ್ದುದ್ದ ಕಂದು ಪಟ್ಟಿಗಳು, ಒಂದರ ಮೇಲೊಂದು. ನಡುವೆ ಅಲ್ಲಲ್ಲಿ ತೆಳು ಹಳದಿ ಗೆರೆ. ಮುಟ್ಟಿದರೆ ತೇವ. ಸ್ಯಾಮ್ಯುಯೆಲ್ ಗಾವಿತ್‌ನ ಫ್ಲೇಕ್ ಅಂತೂ ಎಷ್ಟು ಒದ್ದೆ ಅಂದರೆ, ಅದನ್ನು ಪೇಪರಿನ ಮೇಲೆ ಹರಡಿ ಒಂದು ಗಂಟೆ ಬಿಡದೆ ಹಚ್ಚಿದರೆ ಬೆಂಕಿಕಡ್ಡಿ ಪೊಟ್ಟಣ ಖಾಲಿ. ವಾಸನೆ ಮೂರು ಹಂತದಲ್ಲಿ ಬರುತ್ತದೆ. ಮೊದಲು ಹೂವು, ನಿಮ್ಮ ಪ್ರಕಾರ ಸೋಪು. ಅದರ ಹಿಂದೆ ಬಾದಾಮಿಯಂಥದ್ದೋ ಒಣಹುಲ್ಲಿನಂಥದ್ದೋ ಒಂದು ಸಿಹಿ. ಎಲ್ಲದರ ಅಡಿಯಲ್ಲಿ ಹೊಗೆ ಹಿಡಿದ ಎಲೆ. ಆ ಒಣಹುಲ್ಲಿನ ಸಿಹಿ ಟೊಂಕಾ ಬೀಜದ್ದು. ದಕ್ಷಿಣ ಅಮೆರಿಕದ ಒಂದು ಮರದ ಬೀಜ ಅದು, ಅದರೊಳಗಿನ ಕೂಮರಿನ್ ಎಂಬ ವಸ್ತುವಿನ ಪರಿಮಳ. ಅಮೆರಿಕದಲ್ಲಿ 1954ರಿಂದ ಅದನ್ನು ತಿನ್ನುವ ಪದಾರ್ಥಕ್ಕೆ ಸೇರಿಸುವಂತಿಲ್ಲ. ಕಸುಬು ಶುರುವಾದ ವರ್ಷವನ್ನೇ ಹೆಸರಾಗಿಟ್ಟುಕೊಂಡ 1792 ಫ್ಲೇಕ್‌ನಲ್ಲಿ ಎದ್ದು ಕಾಣುವುದು ಇದೇ ಟೊಂಕಾ. ಗಾವಿತ್ ಹಾಗರ್ತ್‌ನ ಎನ್ನರ್‌ಡೇಲ್ ಫ್ಲೇಕ್‌ನಲ್ಲಿ ಬಾದಾಮಿ ಮತ್ತು ಹೂವು ಎರಡೂ ಜೋರು. ಹೊಸಬರನ್ನು ಓಡಿಸಲು ಅದೊಂದೇ ಸಾಕು.

ಅಮೆರಿಕದ ಪೈಪ್ ತಂಬಾಕು ಚೆರ್ರಿ, ವೆನಿಲ್ಲಾ, ಸಕ್ಕರೆ ಪಾಕದಲ್ಲಿ ಮುಳುಗಿದ್ದಾಗ ಇಂಗ್ಲೆಂಡಿನವರು ಯಾಕೆ ಅತ್ತರಿನ ದಾರಿ ಹಿಡಿದರು? ಇದಕ್ಕೆ ತೆರಿಗೆಯವರನ್ನು ಕೇಳಬೇಕು. ಬ್ರಿಟನ್‌ನಲ್ಲಿ ಆಗ ತಂಬಾಕಿನ ಸುಂಕ ಎಲೆಯ ತೂಕದ ಮೇಲೆ ಇತ್ತು. ಎಲೆಗೆ ಸಕ್ಕರೆ, ಕಾಕಂಬಿ ಸೇರಿಸಿದರೆ ತೂಕ ಏರುತ್ತಿತ್ತು, ಏರಿದ್ದಕ್ಕೆ ಸುಂಕ ಕಟ್ಟಿರುತ್ತಿರಲಿಲ್ಲ, ಖಜಾನೆಗೆ ನಾಮ. ಅದಕ್ಕೇ 19ನೇ ಶತಮಾನದ ಕಾಯಿದೆಗಳು ತಂಬಾಕಿಗೆ ಕಂಡದ್ದೆಲ್ಲ ಬೆರೆಸುವುದನ್ನು ತಡೆದವು. ಪರಿಮಳದ ಎಣ್ಣೆಗೆ ಮಾತ್ರ ಅವಕಾಶ ಉಳಿಯಿತು. ನಾಲ್ಕು ಹನಿ ಜೆರೇನಿಯಂ ಎಣ್ಣೆಯಿಂದ ತೂಕದಲ್ಲಿ ಯಾರಿಗೆ ಮೋಸ ಮಾಡಲಾದೀತು? ಹೀಗೆ ಖಜಾನೆ ಕಾಯುವವರು ಒಂದು ಇಡೀ ರುಚಿಯನ್ನು ಹುಟ್ಟಿಸಿಬಿಟ್ಟರು. ಇಂಗ್ಲಿಷರ ನಾಜೂಕು ಅಭಿರುಚಿ ಅಂತ ಹಾಡಿ ಹೊಗಳುವವರಿಗೆ ಈ ಕಥೆ ಅಷ್ಟು ರುಚಿಸುವುದಿಲ್ಲ.

ಮೊನ್ನೆಮೊನ್ನೆಯ ಕಾಯಿದೆಯಲ್ಲೂ ಇದು ಬಚಾವಾಯಿತು. 2016ರಲ್ಲಿ ಯುರೋಪಿನ ಹೊಸ ನಿಯಮದಂತೆ ಸಿಗರೇಟು ಮತ್ತು ಕೈಯಲ್ಲಿ ಸುತ್ತುವ ತಂಬಾಕಿಗೆ ಬೇರೆ ರುಚಿ, ಪರಿಮಳ ಎದ್ದು ಕಾಣುವಂತೆ ಸೇರಿಸುವುದು ನಿಂತಿತು. ಮೆಂಥಾಲ್ ಸಿಗರೇಟು 2020ರಲ್ಲಿ ಹೋಯಿತು. ಪೈಪ್ ತಂಬಾಕನ್ನು ಬಿಟ್ಟುಬಿಟ್ಟರು. ಹುಡುಗರು ಇದರ ಹತ್ತಿರ ಬರುವುದಿಲ್ಲ ಅನ್ನುವ ಧೈರ್ಯ ಇರಬೇಕು. 2024ರಲ್ಲಿ ಬ್ರಿಟನ್ ಸರ್ಕಾರ 2009ರ ಜನವರಿ 1ರಿಂದ ಈಚೆಗೆ ಹುಟ್ಟಿದವರಿಗೆ ತಂಬಾಕು ಮಾರುವುದನ್ನೇ ನಿಲ್ಲಿಸುವ ಮಸೂದೆ ತಂದಿತು. ಅದರ ಬಗ್ಗೆ ನನಗೇನೂ ಸಂಕಟ ಇಲ್ಲ. ನನ್ನ ಮಗಳು ಆಮೇಲೆ ಹುಟ್ಟಿದವಳು, ಒಳ್ಳೆಯದೇ ಆಯಿತು ಅಂದುಕೊಂಡೆ.

ಈಗ ಗೆಳೆಯನ "ಯಾವ ಗಂಡಸು" ಪ್ರಶ್ನೆಗೆ ಬರೋಣ. ಈ ಗಟ್ಟಿ ಫ್ಲೇಕುಗಳನ್ನೂ ಹಗ್ಗಗಳನ್ನೂ ಕೊಳ್ಳುತ್ತಿದ್ದವರು ಯಾರು ಅಂದುಕೊಂಡಿದ್ದೀರಿ? ಗಣಿ ಕೆಲಸದವರು, ಕುರಿ ಕಾಯುವವರು, ಮೀನು ಹಿಡಿಯುವವರು. ಕಲ್ಲಿದ್ದಲ ಗಣಿಯೊಳಗೆ ಬೆಂಕಿ ಹಚ್ಚುವ ಹಾಗಿಲ್ಲ, ಆದ್ದರಿಂದ ಹಗ್ಗದ ತುಂಡನ್ನು ಅಲ್ಲಿ ಅಗಿಯುತ್ತಿದ್ದರು, ಮೇಲೆ ಬಂದ ಮೇಲೆ ಸೇದುತ್ತಿದ್ದರು. ಲಿವರ್‌ಪೂಲಿನ ಆಗ್ಡನ್ಸ್ ಕಂಪನಿಯ ಸೇಂಟ್ ಬ್ರೂನೋ, ಗ್ಯಾಲಹರ್ ಕಂಪನಿಯ ಕಾಂಡರ್, ಇವೂ ಇದೇ ಜಾತಿಯ ಪರಿಮಳದವೇ. ಬೀದಿಬೀದಿಯ ಅಂಗಡಿಯಲ್ಲಿ ಸಿಗುತ್ತಿದ್ದ ಜನಸಾಮಾನ್ಯರ ತಂಬಾಕು. ಇಲ್ಲಿನ ವಯಸ್ಸಾದವರಿಗೆ ಕಾಂಡರ್ ವಾಸನೆ ಬಂದರೆ ನೆನಪಾಗುವುದು ಬಸ್ಸಿನ ಮೇಲಂತಸ್ತು, ಫುಟ್‌ಬಾಲ್ ಮೈದಾನ. ನನ್ನ ಪಕ್ಕದ ಮನೆಯ ಮುದುಕರು ಬೇಲಿಯಾಚೆಯಿಂದ ನನ್ನ ಪೈಪಿನ ಹೊಗೆ ಮೂಸಿ "ನಮ್ಮಪ್ಪನ ಕೋಟು!" ಅಂದಿದ್ದರು. ಅವರಪ್ಪ ಹಡಗುಕಟ್ಟೆಯಲ್ಲಿ ಮೂಟೆ ಹೊತ್ತವರು. ಅಜ್ಜಿಯ ಬೀರು ಅಂತೆ.

ಮೃದು ಪರಿಮಳ ಇದ್ದರೆ ಮೃದು ತಂಬಾಕು ಅಂತ ನಂಬಿ ಕೆಟ್ಟವರೂ ಬಹಳ. ಅದೇ ಗೆಳೆಯ ಒಮ್ಮೆ ಖಾಲಿ ಹೊಟ್ಟೆಯಲ್ಲಿ ನನ್ನ ಕಪ್ಪು ಫ್ಲೇಕ್ ತುಂಬಿಕೊಂಡು ಆತುರದಲ್ಲಿ ಎಳೆದ. ಅರ್ಧ ಪೈಪಿಗೆ ಬಿಕ್ಕಳಿಕೆ ಶುರು. ಆಮೇಲೆ ತಣ್ಣನೆಯ ಬೆವರು. ಮುಖ ಬಿಳಚಿಕೊಂಡಿತು. ಸಕ್ಕರೆ ಹಾಕಿದ ಚಹಾ ಕುಡಿಸಿ ಸೋಫಾ ಮೇಲೆ ಮಲಗಿಸಿದೆವು. ಎದ್ದು ಕೂತವನು ಅಂದ ಮೊದಲ ಮಾತು, "ಸೋಪು ತಿಂದ ಹಾಗಾಯ್ತು." ಅವನ ದ್ವೇಷದ ಮೂಲ ಇದೇ ಇರಬಹುದು ಅಂತ ನನ್ನ ಗುಮಾನಿ.

ಕಳೆದ ಸಲ ಊರಿಗೆ ಹೋದಾಗ ದೊಡ್ಡಪ್ಪನ ಕೈಗೆ ಒಂದು ಫ್ಲೇಕ್ ಕೊಟ್ಟೆ. ಅವರು ಸೇದುವವರಲ್ಲ, ಆದರೆ ಜೀವಮಾನವಿಡೀ ತಂಬಾಕು ಬೆಳೆದವರು. ಎಲೆಯನ್ನು ಬೆರಳಲ್ಲಿ ತಿಕ್ಕಿಯೇ ಯಾವ ದರ್ಜೆ ಅಂತ ಹೇಳಬಲ್ಲರು. ಪಟ್ಟಿಯನ್ನು ಬಿಡಿಸಿ, ಬೆಳಕಿಗೆ ಹಿಡಿದು, ಮೂಸಿ ನೋಡಿದರು. "ಎಲೆ ಚೆನ್ನಾಗೈತೆ ಕಣಪ್ಪ. ಹೊಗೆ ಕುಡಿದೈತೆ, ಆದ್ರೂ ಹದ ತಪ್ಪಿಲ್ಲ. ಇದಕ್ಕ್ಯಾಕೆ ಅತ್ತರು ಹಾಕವ್ರೆ?" ಅಂದರು. ಸೇದುವವರು ಕೇಳ್ತಾರೆ ದೊಡ್ಡಪ್ಪ, ಅಂದೆ. "ಹೂಂ, ಜರ್ದಾಗೂ ಹಾಕ್ತಾರಲ್ಲ, ಅಂಗೆ ಅನ್ನು" ಅಂತ ವಾಪಸು ಕೊಟ್ಟರು. ಮುಗೀತು. ನಾನು ಇಷ್ಟುದ್ದ ಬರೆದು ಹೇಳುತ್ತಿರುವುದನ್ನು ಅವರು ಒಂದು ಸಾಲಿನಲ್ಲಿ ಮುಗಿಸಿದರು. ಗುಲಾಬಿ, ಕೇದಗೆ ಸುವಾಸನೆಯ ಜರ್ದಾ ಹಾಕಿಕೊಂಡು ಗುಲ್ಕನ್ ಬೀಡಾ ಅಗಿಯುವ ಗಂಡಸರು ನಮ್ಮ ಊರಲ್ಲಿ ಎಷ್ಟಿಲ್ಲ? ಅವರಲ್ಲಿ ಯಾರಿಗೂ ಇದು ಹೆಂಗಸರ ವಾಸನೆ ಅನ್ನಿಸಿಲ್ಲ. ಇಂಗ್ಲೆಂಡಿನ ಹೂವು ಮಾತ್ರ ನಮ್ಮ ಹುಡುಗರಿಗೆ ಸೋಪು!

ಆರೋಗ್ಯದ ಮಾತು ಬರುತ್ತದೆ, ಬರಲೇಬೇಕು. ಎದೆಗೆ ಎಳೆಯುವುದಿಲ್ಲ ಅನ್ನುವುದು ಪೈಪಿನವರ ಹಳೆಯ ಸಮಾಧಾನ. ಅದರಿಂದ ತುಟಿ, ಬಾಯಿ, ಗಂಟಲು ಬಚಾವಾಗುವುದಿಲ್ಲ. ಕ್ಯಾನ್ಸರಿಗೆ ಆ ದಾರಿ ಚೆನ್ನಾಗಿಯೇ ಗೊತ್ತು. ಕೆಂಡಲ್‌ನ ಕಪ್ಪು ಎಲೆಯ ನಿಕೋಟಿನ್ ಚಟ ಹಿಡಿಸುವುದರಲ್ಲಿ ಯಾವ ಸಿಗರೇಟಿಗೂ ಕಡಿಮೆ ಇಲ್ಲ. ನಾನು ಅಪರೂಪಕ್ಕೆ, ಹಿತ್ತಲಲ್ಲಿ ಕೂತು ಸೇದುತ್ತೇನೆ. ಅದು ಸರಿ ಅಂತ ವಾದಿಸಲು ಈ ಬರಹ ಅಲ್ಲ. ಸೇದದವರು ಶುರು ಮಾಡಬೇಡಿ. ಪರಿಮಳದ ಬಗ್ಗೆ ಮಾತ್ರ ನನ್ನ ತಕರಾರು.

"ಹಾಗಾದ್ರೆ ಪರಿಮಳ ಇಲ್ಲದ್ದನ್ನೇ ತಗೋ" ಅನ್ನುವವರೂ ಇದ್ದಾರೆ. ಗಾವಿತ್ ಹಾಗರ್ತ್‌ನವರು ಬ್ರೌನ್ ಫ್ಲೇಕ್ ಮತ್ತು ಡಾರ್ಕ್ ಫ್ಲೇಕ್ ಎರಡನ್ನೂ ಪರಿಮಳ ಹಾಕಿ ಒಂದು, ಹಾಕದೆ ಒಂದು ಅಂತ ಮಾಡುತ್ತಾರೆ. ಎರಡೂ ಸೇದಿದ್ದೇನೆ. ಪರಿಮಳ ಇಲ್ಲದ್ದರಲ್ಲಿ ಎಲೆ ಸ್ಪಷ್ಟ, ಖಾರ ಸ್ಪಷ್ಟ, ಏನೂ ಕೊರತೆ ಇಲ್ಲ. ಆದರೆ ಅರ್ಧಕ್ಕೆ ಬರುವಷ್ಟರಲ್ಲಿ ನಾಲಿಗೆಗೆ ಒಂದೇ ರಾಗ. ಹೂವು ಇರುವುದರಲ್ಲಿ ಶುರುವಿನ ಅಬ್ಬರ ಇಳಿದು, ನಡುವೆ ಎಲ್ಲೋ ಎಲೆ ಮತ್ತು ಎಣ್ಣೆ ಒಂದಾಗುವ ಜಾಗ ಸಿಗುತ್ತದೆ. ನಾನು ಕಾಯುವುದು ಅದಕ್ಕೆ. ಮೊದಲ ನಾಲ್ಕು ದಮ್ಮಿಗೇ ತೀರ್ಪು ಕೊಟ್ಟು ಪೈಪ್ ಕವುಚಿದವರಿಗೆ ಅದು ಸಿಕ್ಕಿರುವುದಿಲ್ಲ.

ಈಗಾಗಲೇ ಪೈಪ್ ಸೇದುವವರು ಇದನ್ನು ಓದಿ ಒಮ್ಮೆ ನೋಡೇಬಿಡೋಣ ಅಂದುಕೊಂಡರೆ, ಎನ್ನರ್‌ಡೇಲ್‌ಗೆ ಹೋಗಬೇಡಿ, ಕಾನಿಸ್ಟನ್ ಕಟ್ ಪ್ಲಗ್‌ನಿಂದ ಶುರು ಮಾಡಿ. ಊಟ ಆಗಿರಲಿ. ಮತ್ತೆ ದಯವಿಟ್ಟು ಒಳ್ಳೆಯ ಬ್ರೈಯರ್ ಮರದ ಪೈಪಿಗೆ ತುಂಬಬೇಡಿ. ಈ ಎಣ್ಣೆ ಮರಕ್ಕೆ ಹಿಡಿದರೆ ಉಪ್ಪು, ಸ್ಪಿರಿಟ್ ಹಾಕಿ ತಿಕ್ಕಿದರೂ ಬಿಡುವುದಿಲ್ಲ. ಆಮೇಲೆ ಯಾವ ತಂಬಾಕು ಹಾಕಿದರೂ ಅದರ ಹಿಂದೆ ಜೆರೇನಿಯಂ ಬಂದು ನಿಲ್ಲುತ್ತದೆ. ಜೋಳದ ದಿಂಡಿನ ಪೈಪ್ ಅಗ್ಗಕ್ಕೆ ಸಿಗುತ್ತದೆ, ಇದಕ್ಕೆ ಅಂತಲೇ ಒಂದು ಇಟ್ಟುಕೊಳ್ಳಿ. ಇಷ್ಟ ಆಗದಿದ್ದರೆ ಉಳಿದ ಡಬ್ಬಿ ನನಗೆ ಕಳಿಸಿ. ಪೋಸ್ಟ್ ಖರ್ಚು ನನ್ನದು.