ನಮ್ಮ ಶಾಸಕರ 'ಹೌದು' ಕಳೆದುಹೋಗಿದೆ

ನಮ್ಮ ಶಾಸಕರ ಹೆಂಡತಿಯ ಹತ್ತಿರ ಎಷ್ಟು ಗ್ರಾಂ ಚಿನ್ನ ಇದೆ ಅಂತ ನನಗೆ ಗೊತ್ತು. ಅವರ ಹಳೇ ಟ್ರ್ಯಾಕ್ಟರಿನ ಬೆಲೆ ಗೊತ್ತು, ಯಾವ ಬ್ಯಾಂಕಿನಲ್ಲಿ ಎಷ್ಟು ಸಾಲ ಇದೆ ಗೊತ್ತು, ಅವರ ಮೇಲಿರುವ ಕೇಸು ಯಾವ ಠಾಣೆಯದ್ದು ಅಂತಲೂ ಗೊತ್ತು. ಇದೆಲ್ಲ ಕದ್ದು ತಿಳಿದದ್ದಲ್ಲ. ಸುಪ್ರೀಂ ಕೋರ್ಟ್ ಕಿವಿ ಹಿಂಡಿದ ಮೇಲೆ, 2003ರಿಂದ ಈಚೆಗೆ, ಚುನಾವಣೆಗೆ ನಿಲ್ಲುವವರೆಲ್ಲ ನಾಮಪತ್ರದ ಜೊತೆ ಇಷ್ಟನ್ನೂ ಬರೆದು ಸಹಿ ಹಾಕಿ ಕೊಡಲೇಬೇಕು. ಮೊಬೈಲಿನಲ್ಲೇ ನೋಡಬಹುದು.

ಗೊತ್ತಿಲ್ಲದ್ದು ಒಂದೇ ಒಂದು. ಇವರು ಗೆದ್ದು ವಿಧಾನಸೌಧದ ಒಳಗೆ ಹೋದ ಮೇಲೆ ಯಾವ ಮಸೂದೆಗೆ ಹೌದು ಅಂದರು, ಯಾವುದಕ್ಕೆ ಇಲ್ಲ ಅಂದರು?

ಕಳಿಸಿದ್ದೇ ಆ ಕೆಲಸಕ್ಕೆ ಅಲ್ವಾ, ಲೆಕ್ಕ ಇಟ್ಟೇ ಬಿಡೋಣ ಅಂತ ಒಂದು ನೋಟ್‌ಬುಕ್ ತಂದೆ. ಗೆರೆ ಹೊಡೆದು ಎರಡು ಅಂಕಣ ಮಾಡಿದೆ. ಒಂದರ ಮೇಲೆ 'ಹೌದು', ಇನ್ನೊಂದರ ಮೇಲೆ 'ಇಲ್ಲ'. ಕಲಾಪ ಲೈವ್ ಬರುತ್ತದಲ್ಲ, ಹಚ್ಚಿಕೊಂಡು ಕೂತೆ. ಇಡೀ ಅಧಿವೇಶನ ಮುಗಿದ ಮೇಲೆ ಆ ಪುಸ್ತಕದಲ್ಲಿ ಉಳಿದದ್ದು ಗೆರೆ ಮಾತ್ರ.

ಯಾಕೆ ಅಂದರೆ ನಮ್ಮಲ್ಲಿ ಕಾನೂನು ಪಾಸಾಗುವುದು ಕಿವಿಯಿಂದ. ಸಭಾಧ್ಯಕ್ಷರು ಪೀಠದಲ್ಲಿ ಕೂತು ಪರವಾಗಿರುವವರು ಹೌದು ಎನ್ನಿ ಅನ್ನುತ್ತಾರೆ. ಒಂದು ಕಡೆಯಿಂದ 'ಹೌದೂ' ಅಂತ ಬರುತ್ತದೆ. ವಿರುದ್ಧ ಇರುವವರು ಇಲ್ಲ ಎನ್ನಿ ಅನ್ನುತ್ತಾರೆ. ಏನೋ ಒಂದು ಬರುತ್ತದೆ, ಅಥವಾ ಬರುವುದಿಲ್ಲ, ಅಥವಾ ಬರುವುದಕ್ಕೆ ಟೈಮೇ ಇರುವುದಿಲ್ಲ. ಮಸೂದೆ ಅಂಗೀಕಾರವಾಯಿತು, ಮುಂದಿನದು. ಇದರ ಹೆಸರು ಧ್ವನಿಮತ. 224 ಗಂಟಲು, ಒಂದು ಜೊತೆ ಕಿವಿ. ಅದರಲ್ಲಿ ನಮ್ಮ ಶಾಸಕರ ಗಂಟಲು ಯಾವುದು ಅಂತ ನಾನು ಹೆಡ್‌ಫೋನ್ ಹಾಕಿಕೊಂಡು, ಮೂರು ಸಲ ಹಿಂದಕ್ಕೆ ಓಡಿಸಿ ಕೇಳಿದೆ. ಒಂದು ಕೆಮ್ಮು ಮಾತ್ರ ಅವರದ್ದೇ ಅಂತ ಗುರುತು ಸಿಕ್ಕಿತು. ಅದನ್ನು ಯಾವ ಅಂಕಣದಲ್ಲಿ ಬರೆಯಲಿ?

224 ಅಂದದ್ದೂ ಸ್ವಲ್ಪ ಜಾಸ್ತಿಯೇ ಆಯಿತು. ಸಂವಿಧಾನದ 189ನೇ ವಿಧಿಯ ಪ್ರಕಾರ ಸದನ ನಡೆಯುವುದಕ್ಕೆ ಹತ್ತರಲ್ಲಿ ಒಂದು ಪಾಲು ಜನ ಇದ್ದರೆ ಸಾಕು. ಅಂದರೆ 23 ಮಂದಿ. ಒಂದು ಮಿನಿ ಬಸ್ಸಿನಲ್ಲಿ ಕೂರುವಷ್ಟು ಜನ ಸೇರಿ ಆರು ಕೋಟಿಗೂ ಹೆಚ್ಚು ಮಂದಿಗೆ ಕಾನೂನು ಮಾಡಬಹುದು, ಅದೂ ಬಸ್ಸಿನಲ್ಲಿ ಯಾರ್ಯಾರಿದ್ದರು ಅಂತ ಟಿಕೆಟ್ ಹರಿಯದೆ.

ಇದೇ ಕಿವಿ ಎಷ್ಟು ಚುರುಕು ಅಂತ ತಿಳಿಯಬೇಕಾದರೆ ಸಂಬಳದ ಮಸೂದೆ ಬರುವ ದಿನ ನೋಡಬೇಕು. 2022ರ ಫೆಬ್ರವರಿಯಲ್ಲಿ ಕಾಂಗ್ರೆಸ್‌ನವರು ಸದನದ ಬಾವಿಗಿಳಿದು ಧರಣಿ ಮಾಡುತ್ತಿದ್ದರು. ಘೋಷಣೆ, ಕೂಗಾಟ, ಪಕ್ಕದವನ ಮಾತು ಪಕ್ಕದವನಿಗೆ ಕೇಳುತ್ತಿರಲಿಲ್ಲ. ಅದರ ನಡುವೆಯೇ ಶಾಸಕರ ತಿಂಗಳ ಸಂಬಳ 25 ಸಾವಿರದಿಂದ 40 ಸಾವಿರಕ್ಕೆ ಏರಿತು. ಚರ್ಚೆ ಇಲ್ಲ. 2025ರ ಮಾರ್ಚ್ 21ಕ್ಕೆ ಬನ್ನಿ. ಈ ಸಲ ಕುರ್ಚಿ ಅದಲು ಬದಲು, ಕೂಗುವ ಸರದಿ ಬಿಜೆಪಿಯವರದ್ದು. ಕಾಗದ ಹರಿದು ತೂರಿದರು, ಪೀಠದ ಮೇಲೆ ಹತ್ತಿದರು, 18 ಮಂದಿಯನ್ನು ಆರು ತಿಂಗಳು ಅಮಾನತು ಮಾಡಿ ಮಾರ್ಷಲ್‌ಗಳು ಎತ್ತಿಕೊಂಡು ಹೋಗಿ ಹೊರಗೆ ಬಿಟ್ಟರು. ಅದೇ ದಿನ, ಅದೇ ಗಲಾಟೆಯಲ್ಲಿ, ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಹೋಯಿತು. ಮುಖ್ಯಮಂತ್ರಿಯದ್ದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ. ಆಗಲೂ ಚರ್ಚೆ ಇಲ್ಲ.

ಈಗ ಹೇಳಿ. ಅಷ್ಟು ಗದ್ದಲದಲ್ಲಿ 'ಹೌದು' ಕೇಳಿಸಿತು, 'ಇಲ್ಲ' ಕೇಳಿಸಲಿಲ್ಲ. ನನಗನ್ನಿಸುವುದು, ಗದ್ದಲವೇ ಒಂದು ಬಗೆಯ ಒಪ್ಪಿಗೆ. ಮನೆಯಲ್ಲಿ ನೆಂಟರು ಮಗುವಿನ ಕೈಗೆ ನೋಟು ಕೊಡುವಾಗ ತಾಯಿ ಅಡುಗೆಮನೆಯಿಂದ 'ಅಯ್ಯೋ ಬೇಡ ಬೇಡ, ಇದೆಲ್ಲ ಯಾಕೆ' ಅಂತ ಜೋರಾಗಿ ಕೂಗುತ್ತಾಳೆ, ಈಚೆಗೆ ಬರುವುದಿಲ್ಲ. ಮಗು ನೋಟು ಜೇಬಿಗೆ ಹಾಕಿಕೊಳ್ಳುವಷ್ಟು ಹೊತ್ತು ಕೂಗುತ್ತಾಳೆ. ಅದೇ ಲೆಕ್ಕ.

ಹಾಗಂತ ನಮ್ಮ ಸದನಕ್ಕೆ ಎಣಿಸುವುದಕ್ಕೇ ಬರುವುದಿಲ್ಲ ಅಂದುಕೊಂಡರೆ ತಪ್ಪು. ಚೆನ್ನಾಗಿಯೇ ಬರುತ್ತದೆ. 2019ರ ಜುಲೈ 23ರಂದು ಕುಮಾರಸ್ವಾಮಿಯವರ ವಿಶ್ವಾಸಮತದ ದಿನ ಸಾಲು ಸಾಲಾಗಿ ಎದ್ದು ನಿಲ್ಲಿಸಿ, ಮದುವೆ ಊಟದ ಪಂಕ್ತಿಯಲ್ಲಿ ಎಲೆ ಎಣಿಸಿದ ಹಾಗೆ ತಲೆ ಎಣಿಸಿದರು. ಪರ 99, ವಿರುದ್ಧ 105. ಒಂದು ತಲೆ ಹೆಚ್ಚಿಲ್ಲ, ಕಮ್ಮಿ ಇಲ್ಲ. ಯಾರು ಮುಂಬೈನಲ್ಲಿ ಕೂತಿದ್ದಾರೆ, ಯಾವ ಹೋಟೆಲು, ಎಲ್ಲ ಇಡೀ ರಾಜ್ಯಕ್ಕೆ ಬಾಯಿಪಾಠ ಆಗಿತ್ತು. ಆರೇ ದಿನದ ಮೇಲೆ ಯಡಿಯೂರಪ್ಪನವರ ಸರದಿ ಬಂತು. ಈಗ ಸಂಖ್ಯೆ ಎಲ್ಲರಿಗೂ ಗೊತ್ತೇ ಇತ್ತಲ್ಲ, ಎದುರಿನವರೂ ಎಣಿಸಿ ಅಂತ ಪಟ್ಟು ಹಿಡಿಯಲಿಲ್ಲ. ಮತ್ತೆ ಕಿವಿಗೇ ಕೆಲಸ, ಧ್ವನಿಮತದಲ್ಲೇ ಮುಗಿಯಿತು.

ಅಂದರೆ ಕುರ್ಚಿ ಅಲ್ಲಾಡಿದಾಗ ತಲೆ ಎಣಿಸುತ್ತಾರೆ. ಜಮೀನು, ನೀರು, ಶಾಲೆ, ಸಂಬಳ ಅಂದಾಗ ಕಿವಿ ಸಾಕು. ಯಾರಾದರೂ ಸದಸ್ಯರು ವಿಭಜನೆಯ ಮತ, ಅಂದರೆ ಪರ ಎಷ್ಟು ವಿರುದ್ಧ ಎಷ್ಟು ಅಂತ ಎಣಿಸುವ ಮತ, ಬೇಕು ಅಂತ ಗಟ್ಟಿಯಾಗಿ ನಿಂತರೆ ಲೆಕ್ಕ ಹಾಕಲೇಬೇಕಾಗುತ್ತದೆ, ಆ ದಾರಿ ಇದ್ದೇ ಇದೆ. ಆದರೆ ವಿರೋಧ ಪಕ್ಷ ಯಾವುದೇ ಇರಲಿ, ಅದಕ್ಕೆ ಹೆಚ್ಚು ಇಷ್ಟ ಸಭಾತ್ಯಾಗ. ನನಗೂ ಮೊದಲು ಇದು ದೊಡ್ಡ ತ್ಯಾಗ ಅಂತಲೇ ಅನ್ನಿಸುತ್ತಿತ್ತು, ಹೆಸರಲ್ಲೇ ಇದೆಯಲ್ಲ. ಆಮೇಲೆ ಹೊಳೆಯಿತು. ಒಳಗೆ ಕೂತು ಇಲ್ಲ ಅಂದರೆ ದಾಖಲೆ ಆಗಬಹುದು, ನಾಳೆ ಅಧಿಕಾರಕ್ಕೆ ಬಂದು ಅದೇ ಮಸೂದೆ ತರುವಾಗ ಯಾರಾದರೂ ತೋರಿಸಬಹುದು. ಹೊರಗೆ ಹೋದವನು ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಬಾಗಿಲಲ್ಲಿ ಮೈಕ್ ಹಿಡಿದವರ ಮುಂದೆ ಒಂದು ಗುಡುಗು, ಅಲ್ಲಿಗೆ ಮುಗಿಯಿತು.

ಒಂದು ಗುಂಡಿ ಇಟ್ಟರೆ ಆಗುವುದಿಲ್ಲವೇ ಅಂತ ಕೇಳುತ್ತೀರಿ. ಎಡಿಸನ್ ಅಂತ ಒಬ್ಬ ಇದ್ದನಲ್ಲ, ಬಲ್ಬಿನ ಎಡಿಸನ್, ಅವನು ತನ್ನ ಜೀವನದಲ್ಲಿ ಪೇಟೆಂಟ್ ಪಡೆದ ಮೊದಲ ಯಂತ್ರವೇ ಇದು, 1869ರಲ್ಲಿ. ಜನಪ್ರತಿನಿಧಿಗಳು ಕೂತಲ್ಲೇ ಗುಂಡಿ ಒತ್ತಿ ಮತ ದಾಖಲಿಸುವ ಯಂತ್ರ. ಯಾರೂ ಕೊಳ್ಳಲಿಲ್ಲ. ಇಷ್ಟು ಬೇಗ ಲೆಕ್ಕ ಮುಗಿದರೆ ನಮ್ಮ ರಾಜಕೀಯ ನಡೆಯುವುದು ಹೇಗೆ ಅನ್ನುವುದು ಅವರ ಚಿಂತೆ. ಅಮೆರಿಕದವರೇ ಆಮೇಲೆ ಬುದ್ಧಿ ಕಲಿತು, ಈಗ ಅಲ್ಲಿನ ಹಲವು ರಾಜ್ಯಗಳ ಸದನಗಳಲ್ಲಿ ಯಾರು ಏನು ಒತ್ತಿದರು ಅಂತ ಹೆಸರಿನ ಮುಂದೆ ದೀಪ ಹತ್ತುತ್ತದೆ. ನಮ್ಮ ಲೋಕಸಭೆಯಲ್ಲೂ 1957ರಿಂದ ಗುಂಡಿ ಇದೆ. ಗುಂಡಿ ಇದ್ದ ಮಾತ್ರಕ್ಕೆ ಒತ್ತುತ್ತಾರೆ ಅಂತ ಇಲ್ಲ, ಅದು ಬೇರೆ ಮಾತು. 2020ರಲ್ಲಿ ರಾಜ್ಯಸಭೆಯಲ್ಲಿ ಕೃಷಿ ಕಾನೂನುಗಳು ಪಾಸಾದದ್ದು ಧ್ವನಿಮತದಲ್ಲೇ, ಎಣಿಸಿ ಎಣಿಸಿ ಅಂತ ವಿರೋಧ ಪಕ್ಷದವರು ಮೇಜು ಹತ್ತುವವರೆಗೆ ಕೂಗಿದರೂ.

ತಂತ್ರಜ್ಞಾನ ನಮ್ಮಲ್ಲೂ ಇಲ್ಲ ಅಂತಲ್ಲ. 2024ರ ಜುಲೈಯಲ್ಲಿ ಸ್ಪೀಕರ್ ಖಾದರ್ ಅವರು ಎಐ ಕ್ಯಾಮೆರಾ ಹಾಕಿಸಿದರು. ಶಾಸಕರ ಮುಖ ಗುರುತು ಹಿಡಿದು, ಎಷ್ಟು ಗಂಟೆಗೆ ಒಳಗೆ ಬಂದರು, ಎಷ್ಟು ಗಂಟೆಗೆ ಎದ್ದು ಹೋದರು, ಒಟ್ಟು ಎಷ್ಟು ಹೊತ್ತು ಕೂತಿದ್ದರು, ಎಲ್ಲ ಬರೆದಿಡುತ್ತದೆ. ಒಳ್ಳೆಯದೇ, ಸುಮ್ನೆ ಹೇಳುತ್ತಿಲ್ಲ. ಆದರೆ ಸ್ವಲ್ಪ ಯೋಚಿಸಿ. ಕೃತಕ ಬುದ್ಧಿಮತ್ತೆಗೆ ನಮ್ಮ ಶಾಸಕರ ಮುಖ ಗೊತ್ತು, ಬಂದ ನಿಮಿಷ ಗೊತ್ತು, ಹೋದ ನಿಮಿಷ ಗೊತ್ತು. ಬಂದು ಏನು ಅಂದರು ಅಂತ ಅದಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದರ ಮರುವರ್ಷ ಫೆಬ್ರವರಿಯಲ್ಲಿ, ಊಟ ಆದ ಮೇಲೆ ಶಾಸಕರು ಜಾಗ ಖಾಲಿ ಮಾಡಬಾರದು ಅಂತ ಮೊಗಸಾಲೆಯಲ್ಲಿ 15 ರಿಕ್ಲೈನರ್ ಕುರ್ಚಿಯನ್ನು ಬಾಡಿಗೆಗೆ ತರಿಸುವ ಏರ್ಪಾಡೂ ಆಯಿತು. ಒರಗಿದರೆ ಕಾಲು ಮೇಲೇಳುತ್ತದೆ. ಕೈ ಮೇಲೇಳುವ ಕುರ್ಚಿ ಯಾರಾದರೂ ಮಾಡುತ್ತಾರೇನೋ ಅಂತ ಕಾಯುತ್ತಿದ್ದೇನೆ.

ಇಷ್ಟೆಲ್ಲ ಹೇಳಿದರೂ ನಮ್ಮ ಶಾಸಕರ ಮತವನ್ನು ಯಾರೂ ನೋಡುವುದೇ ಇಲ್ಲ ಅಂತಿಲ್ಲ. ಒಬ್ಬರು ನೋಡುತ್ತಾರೆ, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ. ಪಕ್ಷ. ರಾಜ್ಯಸಭಾ ಚುನಾವಣೆಯಲ್ಲಿ 2003ರಿಂದ ಒಂದು ನಿಯಮ ಇದೆ: ಶಾಸಕರು ಮತಪತ್ರದಲ್ಲಿ ಗುರುತು ಹಾಕಿ, ಪೆಟ್ಟಿಗೆಗೆ ಹಾಕುವ ಮೊದಲು ತಮ್ಮ ಪಕ್ಷದ ಏಜೆಂಟರಿಗೆ ತೋರಿಸಬೇಕು. ಹೋಂವರ್ಕ್ ತೋರಿಸುವ ಹಾಗೆ. ತೋರಿಸದಿದ್ದರೆ ಮತವೇ ಲೆಕ್ಕಕ್ಕಿಲ್ಲ. ಕ್ಷೇತ್ರದ ಮತದಾರನಿಗೆ ತೋರಿಸಿ ಅಂತ ಎಲ್ಲೂ ಬರೆದಿಲ್ಲ. ಆದರೂ ತಪ್ಪಿಸಿಕೊಳ್ಳುವವರು ಇದ್ದೇ ಇರುತ್ತಾರೆ. 2022ರಲ್ಲಿ ಕೋಲಾರದ ಜೆಡಿಎಸ್ ಶಾಸಕ ಶ್ರೀನಿವಾಸಗೌಡರು ಕಾಂಗ್ರೆಸ್‌ಗೆ ಹಾಕಿ ಹೊರಗೆ ಬಂದು, ಯಾಕೆ ಅಂತ ಕೇಳಿದ್ದಕ್ಕೆ ಆ ಪಕ್ಷ ಅಂದರೆ ನನಗೆ ಇಷ್ಟ ಅಂದುಬಿಟ್ಟರು. ಯಾರಿಗೆ ಹಾಕಿದೆ, ಯಾಕೆ ಹಾಕಿದೆ, ಎರಡೂ ಒಂದೇ ಉಸಿರಿನಲ್ಲಿ. ನನ್ನ ನೋಟ್‌ಬುಕ್ಕಿಗೆ ಬೇಕಾದ ಉತ್ತರವನ್ನು ಇಷ್ಟು ನೇರವಾಗಿ ಕೊಟ್ಟವರು ಅವರೊಬ್ಬರೇ. ಆದರೆ ಅವರು ನನ್ನ ಕ್ಷೇತ್ರದವರಲ್ಲ, ಅದು ಮಸೂದೆಯೂ ಅಲ್ಲ.

ಮಸೂದೆಗೆ ಬಂದರೆ ವಿಪ್ ಇದೆ, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಅಪ್ಪಣೆ. 1985ರಲ್ಲಿ ಪಕ್ಷಾಂತರ ತಡೆಯುವುದಕ್ಕೆ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿಸಿದರು. ಪಕ್ಷ ಹೇಳಿದ್ದಕ್ಕೆ ವಿರುದ್ಧ ಮತ ಹಾಕಿದರೆ, ಹದಿನೈದು ದಿನದೊಳಗೆ ಪಕ್ಷ ಕ್ಷಮಿಸದಿದ್ದರೆ, ಶಾಸಕತ್ವ ಹೋಗಬಹುದು. ಉದ್ದೇಶ ಒಳ್ಳೆಯದು. ರಾತ್ರೋರಾತ್ರಿ ಬಸ್ ಹತ್ತಿ ರೆಸಾರ್ಟಿಗೆ ಹೋಗುವುದು ನಿಂತಿತೋ? ಇಲ್ಲ, ಬಸ್ಸಿಗೆ ಏಸಿ ಬಂತು. ನಿಂತದ್ದು ಏನು ಅಂದರೆ, ಕ್ಷೇತ್ರದ ಜನರ ಮಾತು ಕೇಳಿ ತನ್ನ ಪಕ್ಷದ ಮಸೂದೆಗೆ ಇಲ್ಲ ಅನ್ನುವ ಧೈರ್ಯ. ಹಾಗೆ ನೋಡಿದರೆ 224 ಮಂದಿಯ ಲೆಕ್ಕ ಇಡುವ ನನ್ನ ಯೋಜನೆಯೇ ದಂಡ. ಆ ಅಪ್ಪಣೆ ಕೊಡುವ ಮುಖ್ಯ ಸಚೇತಕರು ಪಕ್ಷಕ್ಕೊಬ್ಬರಂತೆ ಇದ್ದಾರೆ, ಅವರ ಮೇಲೆ ಕಣ್ಣಿಟ್ಟರೆ ಸಾಕು. ಉಳಿದವರು ಭಜನೆಯಲ್ಲಿ ಪಲ್ಲವಿ ಹೇಳುವವರು.

ಇನ್ನು ಮತಕ್ಕೆ ದುಡ್ಡು ತಗೊಂಡವರ ಕಥೆ. 1993ರಲ್ಲಿ ಲೋಕಸಭೆಯ ಅವಿಶ್ವಾಸ ನಿರ್ಣಯದಲ್ಲಿ ಲಂಚ ತಿಂದ ಪ್ರಕರಣ 1998ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ದುಡ್ಡು ತಗೊಂಡು ಹೇಳಿದ ಹಾಗೆ ಮತ ಹಾಕಿದವರಿಗೆ ಸದನದ ವಿಶೇಷ ರಕ್ಷಣೆ ಇದೆ, ದುಡ್ಡು ತಗೊಂಡೂ ಮತ ಹಾಕದವನಿಗೆ ಇಲ್ಲ ಅಂತ. ಕೊಟ್ಟ ಮಾತಿಗೆ ತಪ್ಪಬಾರದು ಅನ್ನುವ ಸಂಸ್ಕಾರಕ್ಕೆ ಇದಕ್ಕಿಂತ ದೊಡ್ಡ ಮರ್ಯಾದೆ ಉಂಟೇ! 2024ರ ಮಾರ್ಚಿನಲ್ಲಿ ಏಳು ನ್ಯಾಯಾಧೀಶರ ಪೀಠ ಕೂತು ಅದನ್ನು ತಳ್ಳಿಹಾಕಿತು. ಇಪ್ಪತ್ತಾರು ವರ್ಷ ಪುಣ್ಯಕೋಟಿಯ ವಂಶದವರು ನೆಮ್ಮದಿಯಿಂದ ಇದ್ದರು.

ಆದರೂ ಬರೀ ಅವರನ್ನೇ ಬೈದರೆ ನ್ಯಾಯ ಆಗುವುದಿಲ್ಲ. ನಾವೂ ಶಾಸಕರ ಲೆಕ್ಕ ಇಡುತ್ತೇವೆ, ಭಾರೀ ಕಟ್ಟುನಿಟ್ಟಾಗಿ ಇಡುತ್ತೇವೆ. ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಮಗಳ ಮದುವೆಗೆ ಬಂದಿದ್ದರಾ? ಬಂದಿದ್ದರು, ಆದರೆ ಊಟ ಮಾಡಲಿಲ್ಲ. ಅಪ್ಪನ ತಿಥಿಗೆ? ತಮ್ಮನನ್ನು ಕಳಿಸಿದ್ದರು. ಗೃಹಪ್ರವೇಶಕ್ಕೆ ಬಂದು ಫೋಟೋದಲ್ಲಿ ಎಡಗಡೆ ನಿಂತಿದ್ದರು, ಎದುರು ಮನೆಯವರ ಗೃಹಪ್ರವೇಶಕ್ಕೆ ಅರ್ಧ ಗಂಟೆ ಜಾಸ್ತಿ ಕೂತಿದ್ದರು. ಆಸ್ಪತ್ರೆಗೆ ಫೋನ್ ಮಾಡಿ ಹೇಳಿದರಾ, ವರ್ಗಾವಣೆಗೆ ಲೆಟರ್ ಕೊಟ್ಟರಾ, ದೇವಸ್ಥಾನದ ಕಮಾನಿಗೆ ಎಷ್ಟು ಬರೆದರು. ಹತ್ತು ವರ್ಷದ ಹಿಂದಿನದ್ದೂ ತಾರೀಖು ಸಮೇತ ಹೇಳುತ್ತಾರೆ. ಸಂಬಳದ ಮಸೂದೆ ಬಂದ ದಿನ ಸಾಹೇಬರು ಏನು ಮಾಡಿದರು ಅಂತ ಕೇಳಿದೆ. ಅಂದು ಬೀಗರ ಊಟಕ್ಕೆ ಬರಬೇಕಿತ್ತು, ಬೆಂಗಳೂರಲ್ಲಿ ಅದೇನೋ ಕೆಲಸ ಅಂತ ತಪ್ಪಿಸಿದರು ಅಂತ ಒಬ್ಬರಿಗೆ ಇನ್ನೂ ಸಿಟ್ಟು.

ಕೊನೆಗೆ ಬೇರೆ ದಾರಿ ಕಾಣದೆ ಶಾಸಕರ ಆಪ್ತ ಸಹಾಯಕರಿಗೇ ಫೋನ್ ಹಚ್ಚಿದೆ.

"ನಮಸ್ಕಾರ ಸಾರ್, ಕ್ಷೇತ್ರದಿಂದ ಮಾತಾಡ್ತಿದೀನಿ."

"ಹೇಳಿ ಸಾರ್, ಏನು ಫಂಕ್ಷನ್ನು?"

"ಫಂಕ್ಷನ್ ಏನಿಲ್ಲ. ಸಾಹೇಬ್ರು ಹೋದ ಅಧಿವೇಶನದಲ್ಲಿ ಯಾವ ಮಸೂದೆಗೆ ಹೌದು ಅಂದ್ರು, ಯಾವುದಕ್ಕೆ ಇಲ್ಲ ಅಂದ್ರು ಅಂತ ತಿಳ್ಕೋಬೇಕಿತ್ತು."

ಸ್ವಲ್ಪ ಹೊತ್ತು ಸದ್ದಿಲ್ಲ. ಯಾರಿಗೋ ಕೇಳುತ್ತಿದ್ದ ಹಾಗಿತ್ತು.

"ನೀವು ಮೀಡಿಯಾದವ್ರಾ?"

"ಅಲ್ಲ ಸಾರ್, ಮತದಾರ."

"ಮತ್ತೆ ನಿಮಗ್ಯಾಕೆ ಸಾರ್ ಅದೆಲ್ಲ? ಯಾವ ಏರಿಯಾ ನಿಮ್ಮದು?"

ಹೇಳಿದೆ. ಆ ಕಡೆ ಹಾಳೆ ತಿರುವುವ ಸದ್ದು. ಅವರ ಹತ್ತಿರವೂ ಒಂದು ಪುಸ್ತಕ ಇತ್ತು, ನನ್ನದರ ಹಾಗೆ ಖಾಲಿ ಇರಲಿಲ್ಲ.

"ಸ್ಕೂಲ್ ಬಿಲ್ಡಿಂಗ್ ಬೂತು, ಎರಡನೇ ರೂಮು, ಅಲ್ವಾ?" ಅಂದರು. "ಅಲ್ಲಿ ನಮಗೆ ಹೋದ ಸಲ ಸ್ವಲ್ಪ ಕಮ್ಮಿ ಬಿದ್ದಿತ್ತು ಸಾರ್."